ರೈಲಿನ ವೇಳಾಪಟ್ಟಿ ಇಂಗ್ಲಿಷ್ ಪಾಠವಾದಾಗ

ಒಂದು ಭಾಷೆಯನ್ನು ಕಲಿಸಲು ಏನೇನು ಬೇಕು? ಅಕ್ಷರಮಾಲೆ, ವ್ಯಾಕರಣ, ಪಠ್ಯಪುಸ್ತಕ, ಜೊತೆಗೊಬ್ಬ ಮೇಷ್ಟ್ರು ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಗೋಡೆಯ ಮೇಲಿನ ಕ್ಯಾಲೆಂಡರು ಎಂದು ಯಾರೂ ಹೇಳಲಾರರು. ಆದರೆ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಇಂಥ ವಸ್ತುಗಳನ್ನೇ ಮುಂದಿಟ್ಟುಕೊಂಡು ಇಂಗ್ಲಿಷ್ ಕಲಿಸಲಾಯಿತು. ಅಲ್ಲಿ ವ್ಯಾಕರಣದ ಪಾಠವಿರಲಿಲ್ಲ. ವಾಕ್ಯಗಳನ್ನು ಒಕ್ಕೊರಲಿನಿಂದ ಹೇಳಿಸುವ ಪದ್ಧತಿಯೂ ಇರಲಿಲ್ಲ. ‘ಬೆಂಗಳೂರು ಯೋಜನೆ’ ಎಂಬ ಹೆಸರಿನಿಂದ ಆ ಪ್ರಯೋಗ ಇಂದಿಗೂ ಜಗತ್ತಿನ ಭಾಷಾ ಶಿಕ್ಷಕರ ತರಬೇತಿಯಲ್ಲಿ ಚರ್ಚೆಗೆ ಬರುತ್ತದೆ. ಅದು ಹುಟ್ಟಿದ ನಾಡಿನ ಹಳ್ಳಿ ಶಾಲೆಗಳಲ್ಲಿ ಮಾತ್ರ ಅದರ ಹೆಸರು ಕೇಳಿದವರು ವಿರಳ.

ಈ ವಿಷಯಕ್ಕೂ ಕೋಲಾರ ಜಿಲ್ಲೆಯ ಗಡಿಯಂಚಿನ ಕಾಮಸಮುದ್ರಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಬೆಂಗಳೂರಿನಿಂದ ಜೋಲಾರಪೇಟೆಯ ಕಡೆಗೆ ಹೋಗುವ ರೈಲು ಮಾರ್ಗ 1864ರಷ್ಟು ಹಳೆಯದು. ಮಾಲೂರು, ಟೇಕಲ್, ಬಂಗಾರಪೇಟೆ ದಾಟಿದ ಮೇಲೆ, ಆಂಧ್ರದ ಕುಪ್ಪಂ ತಲುಪುವ ಮುನ್ನ, ಕಾಮಸಮುದ್ರದ ನಿಲ್ದಾಣ ಬರುತ್ತದೆ. ಬೆಂಗಳೂರು ಮತ್ತು ಚೆನ್ನೈ ನಡುವಿನ ರೈಲುಗಳು ಈ ಹಾದಿಯಲ್ಲೇ ಓಡುತ್ತವೆ. ವೇಳಾಪಟ್ಟಿ ಎಂಬುದು ಇಲ್ಲಿನ ಜನರಿಗೆ ಅಪರಿಚಿತ ಕಾಗದವಲ್ಲ. ಅದನ್ನು ತಪ್ಪಾಗಿ ಓದಿಕೊಂಡರೆ ಒಂದು ದಿನದ ಕೂಲಿಯೇ ಹೋಗಬಹುದು.

ಶಾಲೆಯ ಹೊರಗಿನ ಇಂಗ್ಲಿಷು

ಕಾಮಸಮುದ್ರದ ಸುತ್ತಮುತ್ತ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳೇ. ಎರಡು ಭಾಷೆ ಬಲ್ಲ ಮಗು ಇಲ್ಲಿ ವಿಶೇಷವೇನಲ್ಲ. ಸಂತೆಯ ಹೊತ್ತಿಗೆ ಮೂರನೆಯದೂ ಬಾಯಿಗೆ ಬಂದಿರುತ್ತದೆ. ಇದನ್ನು ಯಾವ ಶಾಲೆಯೂ ಕಲಿಸಿದ್ದಲ್ಲ. ಅವಶ್ಯಕತೆಯೇ ಇಲ್ಲಿ ಗುರು.

ಹತ್ತಿರದ ಕೋಲಾರ ಚಿನ್ನದ ಗಣಿಯ ಪ್ರದೇಶಕ್ಕೆ ಇಂಗ್ಲಿಷು ಬಂದದ್ದೂ ಹೀಗೆಯೇ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಇಲ್ಲಿ ಗಣಿಗಾರಿಕೆಯ ಆಡಳಿತಕ್ಕೆ ಕೈ ಹಾಕಿತು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದಿಂದ ಪಳಗಿದ ಗಣಿಗಾರರು ಬಂದರು. ಆಂಗ್ಲೋ ಇಂಡಿಯನ್ನರು ನೆಲೆಸಿದರು. ನೆಲದಡಿಯ ದುಡಿಮೆ ಬಹುಪಾಲು ತಮಿಳು ಮತ್ತು ತೆಲುಗು ಮಾತಿನ ಕಾರ್ಮಿಕರ ಪಾಲಿಗೆ ಬಂತು. 1894ರಲ್ಲಿ ಗಣಿಗೆ ಕವಲು ರೈಲು ಮಾರ್ಗ ತೆರೆಯಿತು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಇಂದಿನ ಬಂಗಾರಪೇಟೆ ಜಂಕ್ಷನ್ ಆಯಿತು.

ಶಾಫ್ಟ್, ಶಿಫ್ಟ್, ಲೈನ್ ಇತ್ಯಾದಿ ಮಾತುಗಳು ಶಾಲೆಯ ಮೆಟ್ಟಿಲು ಹತ್ತದವರ ನಾಲಿಗೆಯಲ್ಲೂ ನೆಲೆಯಾದವು. ಯಾರೂ ಅವುಗಳ ಕಾಗುಣಿತ ಕೇಳಲಿಲ್ಲ. ಶಿಫ್ಟ್ ಎಂದರೆ ಏನೆಂದು ತಿಳಿಯದವನಿಗೆ ಕೆಲಸಕ್ಕೆ ಯಾವಾಗ ಹೋಗಬೇಕೆಂಬುದೇ ತಿಳಿಯುತ್ತಿರಲಿಲ್ಲ. ಪದದ ಅರ್ಥ ಅವನ ದಿನಚರಿಯಲ್ಲೇ ಇತ್ತು.

ಆದರೆ ಕಿವಿಯಿಂದ ಕಲಿತ ಇಂಥ ಮಾತು ಒಂದು ಮಟ್ಟಕ್ಕೆ ನಿಂತುಬಿಡುತ್ತದೆ. ಹತ್ತು ಪದ ಬಲ್ಲವನು ಒಂದು ನೋಟೀಸನ್ನು ಓದಿ ಅರ್ಥಮಾಡಿಕೊಳ್ಳಬಲ್ಲನೆಂದು ಹೇಳಲಾಗದು. ಆ ಅಂತರವನ್ನು ತುಂಬಬೇಕಾದದ್ದು ಶಾಲೆ. ಶಾಲೆ ಅದನ್ನು ಹೇಗೆ ಮಾಡಿತು ಎಂಬುದೇ ಈ ಚರಿತ್ರೆಯ ತಿರುಳು.

ಬಳ್ಳಾರಿಯ ಹಳೆಯ ಕಾಗದಗಳು

ನಿತ್ಯಜೀವನದ ವಸ್ತುಗಳನ್ನು ಪಾಠಕ್ಕೆ ತರುವುದು ಹೊರದೇಶದಿಂದ ಬಂದ ಹೊಸ ವಿಚಾರ ಎಂಬ ಭಾವನೆ ಶಿಕ್ಷಣ ವಲಯದಲ್ಲಿದೆ. ಕನ್ನಡ ನಾಡಿನ ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತ್ಯದ ದೇಶೀ ಶಾಲೆಗಳ ಸಮೀಕ್ಷೆಗೆ ಆದೇಶ ಕೊಟ್ಟ. ಅದಕ್ಕೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ವರದಿ ಪ್ರಸಿದ್ಧವಾಗಿದೆ. ಜಿಲ್ಲೆಯಲ್ಲಿ 533 ಶಾಲೆಗಳಿವೆ ಎಂದು ಅವನು ಲೆಕ್ಕ ಕೊಟ್ಟಿದ್ದಾನೆ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು, ಮಗ್ಗಿ ಒಪ್ಪಿಸುತ್ತಿದ್ದರು.

ವರದಿಯ ಇನ್ನೊಂದು ವಿವರ ಇಲ್ಲಿ ಹೆಚ್ಚು ಮುಖ್ಯ. ಅಕ್ಷರ ಕಲಿತ ಹುಡುಗರಿಗೆ ಮೇಷ್ಟ್ರು ಬೇರೆ ಬೇರೆ ಕಡೆಯಿಂದ ಕೂಡಿಹಾಕಿದ ಸರ್ಕಾರಿ ಮತ್ತು ಖಾಸಗಿ ಕಾಗದಗಳನ್ನು ಕೊಟ್ಟು, ಬಗೆಬಗೆಯ ಕೈಬರಹವನ್ನು ಓದಿಸುತ್ತಿದ್ದರು. ಸಾಮಾನ್ಯ ಪತ್ರ ಬರೆಯುವುದನ್ನು, ಕರಾರು ಪತ್ರಗಳ ಒಕ್ಕಣೆಯನ್ನು ಕಲಿಸುತ್ತಿದ್ದರು. ಯಾರೋ ಬರೆದ ನಿಜವಾದ ಕಾಗದವನ್ನು ಓದಬಲ್ಲವನೇ ಓದು ಬಲ್ಲವನು ಎಂಬ ಸರಳ ತಿಳಿವಳಿಕೆ ಅದರ ಹಿಂದಿತ್ತು. ಶಾನುಭೋಗನ ಲೆಕ್ಕ, ಸಾಹುಕಾರನ ಪತ್ರ ಓದಲಾಗದಿದ್ದರೆ ಕಲಿತ ಅಕ್ಷರಕ್ಕೆ ಬೆಲೆಯೇನು?

ಅದೇ ವರದಿಯಲ್ಲಿ ಕ್ಯಾಂಪ್‌ಬೆಲ್ ಒಂದು ದೂರನ್ನೂ ದಾಖಲಿಸಿದ್ದಾನೆ. ಮಕ್ಕಳು ಹಳೆಯ ಕಾವ್ಯಭಾಷೆಯ ಪದ್ಯಗಳನ್ನು ಕಂಠಪಾಠ ಮಾಡುತ್ತಾರೆ, ಅದರ ಅರ್ಥ ಅವರಿಗೂ ತಿಳಿಯದು, ಎಷ್ಟೋ ವೇಳೆ ಕಲಿಸುವವರಿಗೂ ತಿಳಿಯದು ಎಂಬುದು ಆ ದೂರು. ಒಂದೇ ಶಾಲೆಯ ಸೂರಿನಡಿ ಎರಡು ಪದ್ಧತಿಗಳಿದ್ದವು. ಒಂದು, ಅರ್ಥವಾಗದ್ದನ್ನು ಬಾಯಿಪಾಠ ಮಾಡುವುದು. ಇನ್ನೊಂದು, ಕೈಗೆ ಬಂದ ಕಾಗದದ ಅರ್ಥವನ್ನು ಬಿಡಿಸುವುದು. ಮುಂದೆ ಇಂಗ್ಲಿಷ್ ಕಲಿಕೆ ಬಂದಾಗ ನಮ್ಮ ಶಾಲೆಗಳು ಹೆಚ್ಚಾಗಿ ಮೊದಲನೆಯದನ್ನೇ ಉಳಿಸಿಕೊಂಡವು.

ಮೇಜಿನ ಮೇಲಿನ ಪೆನ್ನು

ಯುರೋಪಿನಲ್ಲಿ ವಸ್ತುವನ್ನು ತೋರಿಸಿ ಭಾಷೆ ಕಲಿಸುವ ವಿಚಾರಕ್ಕೆ ದೊಡ್ಡ ಹೆಸರು ಕೊಮೇನಿಯಸ್‌ನದು. ಅವನು 1658ರಲ್ಲಿ ಪ್ರಕಟಿಸಿದ ಚಿತ್ರಪುಸ್ತಕದಲ್ಲಿ ಲೋಕದ ವಸ್ತುಗಳ ಚಿತ್ರಗಳ ಜೊತೆಗೆ ಅವುಗಳ ಲ್ಯಾಟಿನ್ ಹೆಸರುಗಳಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಬರ್ಲಿಟ್ಜ್ ಶಾಲೆಗಳು ತರಗತಿಯಲ್ಲಿ ಅನುವಾದವನ್ನೇ ಕೈಬಿಟ್ಟು, ವಸ್ತು ಮತ್ತು ಅಭಿನಯದ ಮೂಲಕ ನೇರವಾಗಿ ಕಲಿಸುವ ಮಾರ್ಗ ಹಿಡಿದವು.

ಭಾರತದಲ್ಲಿ 1950ರ ದಶಕದಿಂದ ‘ಸ್ಟ್ರಕ್ಚರಲ್’ ಪದ್ಧತಿ ಬಲವಾಯಿತು. ಇಂಗ್ಲಿಷಿನ ವಾಕ್ಯರಚನೆಗಳನ್ನು ಸುಲಭದಿಂದ ಕಠಿಣದವರೆಗೆ ಜೋಡಿಸಿ, ಒಂದೊಂದನ್ನೇ ಅಭ್ಯಾಸ ಮಾಡಿಸುವುದು ಇದರ ಕ್ರಮ. ಇದಕ್ಕೆ ಶಿಕ್ಷಕರನ್ನು ಸಜ್ಜುಗೊಳಿಸಲು ಸಂಸ್ಥೆಗಳು ಹುಟ್ಟಿದವು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣದ ರಾಜ್ಯಗಳಿಗಾಗಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾದವು. ಆ ಕಾಲದಲ್ಲಿ ಇದು ಸಣ್ಣ ಸುಧಾರಣೆಯಲ್ಲ. ವ್ಯಾಕರಣ ಸೂತ್ರ ಮತ್ತು ಭಾಷಾಂತರದಲ್ಲಿ ಮುಳುಗಿದ್ದ ತರಗತಿಗೆ ಇಂಗ್ಲಿಷ್ ಮಾತಿನ ಸದ್ದು ಬಂದದ್ದು ಇದರಿಂದಲೇ.

ಈ ಪದ್ಧತಿಯಲ್ಲೂ ವಸ್ತುಗಳಿದ್ದವು. ಮೇಷ್ಟ್ರು ಪೆನ್ನು ಎತ್ತಿ ಹಿಡಿದು ‘ದಿಸ್ ಈಸ್ ಎ ಪೆನ್’ ಎನ್ನುತ್ತಿದ್ದರು. ತರಗತಿ ಅದನ್ನೇ ಹೇಳುತ್ತಿತ್ತು. ಬಾಗಿಲ ಕಡೆಗೆ ನಡೆಯುತ್ತ ‘ಐ ಆ್ಯಮ್ ಗೋಯಿಂಗ್ ಟು ದ ಡೋರ್’ ಎನ್ನುತ್ತಿದ್ದರು. ಪೆನ್ನು ನಿಜ, ಬಾಗಿಲೂ ನಿಜ. ಆದರೆ ಪೆನ್ನು ಎಲ್ಲರ ಕಣ್ಣೆದುರಿಗೇ ಇದ್ದಾಗ ಅದು ಪೆನ್ನು ಎಂದು ಹೇಳುವ ಅಗತ್ಯ ಯಾರಿಗಿತ್ತು? ಅದನ್ನು ಕೇಳಿ ಯಾರಿಗೂ ಹೊಸದೇನೂ ತಿಳಿಯುತ್ತಿರಲಿಲ್ಲ. ವಸ್ತು ನಿಜವಾಗಿದ್ದರೂ ಮಾತು ಹುಸಿಯಾಗಿತ್ತು.

ಇದರ ಪರಿಣಾಮ ಎಲ್ಲರೂ ಕಂಡದ್ದೇ. ತರಗತಿಯಲ್ಲಿ ತಪ್ಪಿಲ್ಲದೆ ವಾಕ್ಯ ಹೇಳಿದ ಹುಡುಗನಿಗೆ ಹೊರಗೆ ಅದೇ ವಾಕ್ಯ ಬೇಕಾದಾಗ ಹೊಳೆಯುತ್ತಿರಲಿಲ್ಲ. ವರ್ಷಗಟ್ಟಲೆ ಇಂಗ್ಲಿಷ್ ಕಲಿತವರು ಒಂದು ಅರ್ಜಿಯನ್ನು ತುಂಬಲು ಬೇರೆಯವರನ್ನು ಹುಡುಕುತ್ತಿದ್ದರು. 1970ರ ದಶಕದ ಹೊತ್ತಿಗೆ ಈ ಅತೃಪ್ತಿ ಪರಿಣತರ ವಲಯದಲ್ಲೂ ಗಟ್ಟಿಯಾಗಿತ್ತು.

ಬೆಂಗಳೂರು ಯೋಜನೆ

ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿ ಇಂಗ್ಲಿಷ್ ಬೋಧನೆಯ ಅಧಿಕಾರಿಯಾಗಿದ್ದ ಎನ್.ಎಸ್. ಪ್ರಭು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಕಾರದೊಂದಿಗೆ 1979ರಲ್ಲಿ ಪ್ರಯೋಗ ಮೊದಲಾಯಿತು. ಬೆಂಗಳೂರು, ಮದರಾಸು, ಕಡಲೂರು ಮೊದಲಾದ ಕಡೆಯ ಕೆಲವು ತರಗತಿಗಳಲ್ಲಿ ಅದು 1984ರವರೆಗೆ ನಡೆಯಿತು. ಇವು ಸೌಕರ್ಯವುಳ್ಳ ವಿಶೇಷ ಶಾಲೆಗಳಾಗಿರಲಿಲ್ಲ. ತುಂಬಿದ ತರಗತಿ, ಕರಿಹಲಗೆ, ಸುಣ್ಣದಕಡ್ಡಿ, ಕಾಗದ ಇಷ್ಟೇ ಸಲಕರಣೆ.

ಪ್ರಭು ಅವರ ಮೂಲ ವಿಚಾರವನ್ನು ಸರಳವಾಗಿ ಹೀಗೆ ಹೇಳಬಹುದು. ಭಾಷೆಯ ರೂಪದ ಮೇಲೆ ಗಮನವಿಟ್ಟು ಕಲಿತಾಗ ಭಾಷೆ ಒಳಗಿಳಿಯುವುದಿಲ್ಲ. ಮನಸ್ಸು ಯಾವುದೋ ಅರ್ಥದ ಬೆನ್ನು ಹತ್ತಿ ದುಡಿಯುತ್ತಿರುವಾಗ ವ್ಯಾಕರಣ ತಾನಾಗಿಯೇ ನೆಲೆಗೊಳ್ಳುತ್ತದೆ. ಹಾಗಾದರೆ ಶಿಕ್ಷಕನ ಕೆಲಸ ವ್ಯಾಕರಣ ಹೇಳುವುದಲ್ಲ, ಮಕ್ಕಳ ಬುದ್ಧಿಗೆ ಬಿಡಿಸಬೇಕೆನಿಸುವ ಒಗಟನ್ನು ಒಡ್ಡುವುದು.

ಅಂಥ ಒಗಟುಗಳಿಗೆ ಬೇಕಾದ ಸಾಮಗ್ರಿ ಸುತ್ತಮುತ್ತಲಿನ ಬದುಕಿನಿಂದ ಬಂತು. ಗಡಿಯಾರದ ಮುಖ, ತಿಂಗಳ ಕ್ಯಾಲೆಂಡರು, ನಕ್ಷೆ, ಶಾಲೆಯ ಪಿರಿಯಡ್‌ಗಳ ಪಟ್ಟಿ, ರೈಲಿನ ವೇಳಾಪಟ್ಟಿ, ದುಡ್ಡಿನ ಲೆಕ್ಕ, ದೂರದ ಲೆಕ್ಕ, ಟೆಲಿಗ್ರಾಂ ಎಲ್ಲವೂ ಪಾಠವಾದವು. ಟೆಲಿಗ್ರಾಂ ಸೇವೆ 2013ರಲ್ಲಿ ನಿಂತುಹೋಯಿತು. ಆದರೆ ಮಾತಿಗೊಂದು ದರವಿದ್ದ ಆ ಕಾಲದಲ್ಲಿ ಕಡಮೆ ಪದಗಳಲ್ಲಿ ವಿಷಯ ಮುಟ್ಟಿಸುವುದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಇರಲಾರದು.

ಪಾಠ ನಡೆಯುತ್ತಿದ್ದ ಬಗೆ

ಪಾಠಕ್ಕೆ ಎರಡು ಭಾಗ. ಮೊದಲು ಶಿಕ್ಷಕ ಒಂದು ಒಗಟನ್ನು ಇಡೀ ತರಗತಿಯೊಂದಿಗೆ ಪ್ರಶ್ನೋತ್ತರದ ಮೂಲಕ ಬಿಡಿಸುತ್ತಿದ್ದ. ಆಮೇಲೆ ಅದೇ ಬಗೆಯ ಇನ್ನೊಂದು ಒಗಟನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನಾಗಿ ಬಿಡಿಸಬೇಕಿತ್ತು.

ಇದನ್ನು ಕಾಮಸಮುದ್ರದ ಮಕ್ಕಳಿಗೆ ಹೊಂದಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಕರಿಹಲಗೆಯ ಮೇಲೆ ಮೂರು ರೈಲುಗಳ ವೇಳೆಯನ್ನು ಇಂಗ್ಲಿಷಿನಲ್ಲಿ ಬರೆದಿದೆ ಎಂದುಕೊಳ್ಳೋಣ. ಮೊದಲನೆಯ ಪ್ರಶ್ನೆಗಳು ಸುಲಭ: ಎರಡನೆಯ ರೈಲು ಬಂಗಾರಪೇಟೆಯನ್ನು ಎಷ್ಟು ಗಂಟೆಗೆ ಬಿಡುತ್ತದೆ? ಬೆಂಗಳೂರು ಸೇರಲು ಎಷ್ಟು ಹೊತ್ತು ಬೇಕು? ನಂತರ ಪ್ರಶ್ನೆ ಬಿಗಿಯಾಗುತ್ತದೆ. ಒಬ್ಬಾಕೆ ಬೆಳಿಗ್ಗೆ 11ಕ್ಕೆ ಬೆಂಗಳೂರಿನ ಆಸ್ಪತ್ರೆಯಲ್ಲಿರಬೇಕು, ನಿಲ್ದಾಣದಿಂದ ಆಸ್ಪತ್ರೆಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಮೂರು ರೈಲುಗಳಲ್ಲಿ ಒಂದು ಕಾಮಸಮುದ್ರದಲ್ಲಿ ನಿಲ್ಲುವುದಿಲ್ಲ. ಆಕೆ ಯಾವ ರೈಲು ಹತ್ತಬೇಕು? ಏಕೆ?

ಇಲ್ಲಿ ‘ಅರೈವ್ಸ್’, ‘ಲೀವ್ಸ್’, ‘ಬಿಫೋರ್’, ‘ಆಫ್ಟರ್’ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಆದರೆ ಮಗುವಿನ ಗಮನ ಪದದ ಮೇಲಿಲ್ಲ, ರೈಲಿನ ಮೇಲಿದೆ. ಉತ್ತರವನ್ನು ಎರಡೇ ಪದಗಳಲ್ಲಿ ಹೇಳಿದರೂ ಸರಿ. ಶಿಕ್ಷಕ ನೋಡುವುದು ಉತ್ತರ ಸರಿಯೇ ತಪ್ಪೇ ಎಂಬುದನ್ನು. ವಾಕ್ಯ ಸೊಟ್ಟಗಿದ್ದರೆ ಅವನು ಅದನ್ನು ಮಾತಿನ ನಡುವೆಯೇ ಸರಿಪಡಿಸಿ ಹೇಳಿ ಮುಂದೆ ಸಾಗುತ್ತಾನೆ, ತಾಯಿ ಮಗುವಿನ ತೊದಲನ್ನು ತಿದ್ದುವ ಹಾಗೆ.

ಇಂಥ ಚಟುವಟಿಕೆಗಳನ್ನು ಪ್ರಭು ಮೂರಾಗಿ ವಿಂಗಡಿಸಿದರು. ಒಬ್ಬನಲ್ಲಿರುವ ಮಾಹಿತಿಯನ್ನು ಇನ್ನೊಬ್ಬನಿಗೆ ಮುಟ್ಟಿಸುವುದು ಒಂದು. ಇರುವ ಮಾಹಿತಿಯಿಂದ ತರ್ಕ ಮಾಡಿ ಹೊಸದನ್ನು ಕಂಡುಕೊಳ್ಳುವುದು ಇನ್ನೊಂದು. ತನ್ನ ಅಭಿಪ್ರಾಯವನ್ನು ಹೇಳುವುದು ಮೂರನೆಯದು. ಇವುಗಳಲ್ಲಿ ತರ್ಕದ ಚಟುವಟಿಕೆಯೇ ಹೆಚ್ಚು ಫಲಕಾರಿ ಎಂಬುದು ಅವರ ಅನುಭವ. ಒಗಟು ತೀರ ಸುಲಭವಾಗಿರಬಾರದು, ತೀರ ಕಠಿಣವೂ ಆಗಬಾರದು. ತರಗತಿಯ ಸುಮಾರು ಅರ್ಧದಷ್ಟು ಮಕ್ಕಳಿಗೆ ಅರ್ಧದಷ್ಟಾದರೂ ಸರಿಯಾಗಿ ಬರಬೇಕು ಎಂಬುದು ಅವರು ಇಟ್ಟುಕೊಂಡಿದ್ದ ಅಳತೆ.

ವಸ್ತು ನಿಜವಾದರೆ ಸಾಕೆ?

ಇದೇ ಕಾಲದಲ್ಲಿ ಯುರೋಪಿನಲ್ಲೂ ನಿಜಜೀವನದ ಸಾಮಗ್ರಿಯ ಅಲೆ ಎದ್ದಿತ್ತು. ವೃತ್ತಪತ್ರಿಕೆಯ ತುಣುಕು, ಹೋಟೆಲಿನ ಮೆನು, ಸಿನಿಮಾ ಟಿಕೆಟು ತರಗತಿಗೆ ಬಂದವು. ಅವನ್ನು ಬದಲಿಸದೆ ಇದ್ದಂತೆಯೇ ಬಳಸಬೇಕು ಎಂದು ಕೆಲವರು ವಾದಿಸಿದರು. ಇದಕ್ಕೆ ಇಂಗ್ಲೆಂಡಿನ ಭಾಷಾತಜ್ಞ ಹೆನ್ರಿ ವಿಡೋಸನ್ ಎತ್ತಿದ ಆಕ್ಷೇಪ ಮುಖ್ಯವಾದುದು. ಬರಹ ಎಲ್ಲಿಂದ ಬಂತು ಎಂಬುದು ಒಂದು ಮಾತು, ಓದುಗ ಅದಕ್ಕೆ ಹೇಗೆ ಸ್ಪಂದಿಸುತ್ತಾನೆ ಎಂಬುದು ಬೇರೆ ಮಾತು. ಓದುಗನಿಗೆ ಬೇಡವಾದ ಅಸಲಿ ಕಾಗದವೂ ತರಗತಿಯಲ್ಲಿ ಸತ್ತ ಕಾಗದವೇ.

ಲಂಡನ್ನಿನ ಹೋಟೆಲಿನ ಮೆನು ಲಂಡನ್ನಿಗೆ ಹೋಗುವವನಿಗೆ ನಿಜವಾದ ಸಾಮಗ್ರಿ. ಬಂಗಾರಪೇಟೆಯ ಏಳನೆಯ ತರಗತಿಯ ಹುಡುಗಿಗೆ ಅದು ಪಠ್ಯಪುಸ್ತಕದ ಇನ್ನೊಂದು ಪುಟವಷ್ಟೆ. ಬೆಂಗಳೂರು ಯೋಜನೆಯ ವೇಳಾಪಟ್ಟಿಗಳಾದರೋ ರೈಲ್ವೆ ಇಲಾಖೆ ಅಚ್ಚು ಹಾಕಿದ ರೂಪದಲ್ಲೇ ಇರಬೇಕೆಂದೇನೂ ಇರಲಿಲ್ಲ. ಶಿಕ್ಷಕರು ಅವನ್ನು ಸರಳಗೊಳಿಸಿ, ತರಗತಿಗೆ ತಕ್ಕಂತೆ ಹೊಂದಿಸಿಕೊಳ್ಳುತ್ತಿದ್ದರು. ಕಾಗದ ತಯಾರಿಸಿದ್ದಾದರೂ ಪ್ರಶ್ನೆ ನಿಜವಾಗಿತ್ತು. ಉತ್ತರ ಯಾರಿಗೂ ಮೊದಲೇ ಬಾಯಿಪಾಠವಾಗಿರಲಿಲ್ಲ. ಮೇಜಿನ ಮೇಲಿನ ಪೆನ್ನಿಗೂ ಹಲಗೆಯ ಮೇಲಿನ ವೇಳಾಪಟ್ಟಿಗೂ ಇರುವ ವ್ಯತ್ಯಾಸ ಇದೇ.

ಫಲ, ಮಿತಿ

ಪ್ರಯೋಗದ ಫಲವನ್ನು ಹೊರಗಿನವರೇ ಅಳೆಯಬೇಕೆಂದು ಅಲನ್ ಬೆರೆಟ್ಟ ಮತ್ತು ಅಲನ್ ಡೇವಿಸ್ ಮೌಲ್ಯಮಾಪನ ನಡೆಸಿ, ಅದನ್ನು 1985ರಲ್ಲಿ ಪ್ರಕಟಿಸಿದರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಮುಂದಿದ್ದರು. ಕಲಿತ ಭಾಷೆಯನ್ನು ಅರ್ಥ ಗ್ರಹಿಸಲು ಬಳಸುವ ಪರೀಕ್ಷೆಗಳಲ್ಲಿ ಯೋಜನೆಯ ಮಕ್ಕಳು ಮುಂದಿದ್ದರು. ಹೋಲಿಸಿದ ತರಗತಿಗಳು ಎಲ್ಲ ರೀತಿಯಲ್ಲೂ ಸಮಾನವಾಗಿರಲಿಲ್ಲವಾದ್ದರಿಂದ ಈ ತೀರ್ಮಾನವನ್ನು ಅವರು ಎಚ್ಚರದಿಂದಲೇ ಮುಂದಿಟ್ಟರು.

ಇನ್ನೊಂದು ತೊಡಕು ಹೆಚ್ಚು ಗಂಭೀರವಾದುದು. ತರಬೇತಿ ಸಂಸ್ಥೆಗಳಿಂದ ಬಂದ ಪರಿಣತರು ಈ ಪಾಠವನ್ನು ಲೀಲಾಜಾಲವಾಗಿ ನಡೆಸಿದರೆ, ಶಾಲೆಯ ಸಾಮಾನ್ಯ ಶಿಕ್ಷಕರಿಗೆ ಅದು ಅಷ್ಟು ಸುಲಭವಾಗಲಿಲ್ಲ ಎಂದು ಬೆರೆಟ್ಟ ಮುಂದಿನ ಅಧ್ಯಯನದಲ್ಲಿ ತೋರಿಸಿದರು. ಪಠ್ಯಪುಸ್ತಕವಿದ್ದರೆ ಶಿಕ್ಷಕನಿಗೊಂದು ಆಸರೆ. ಒಗಟಿನ ಪಾಠದಲ್ಲಿ ಮಕ್ಕಳು ಏನು ಕೇಳುತ್ತಾರೋ ಗೊತ್ತಿಲ್ಲ. ಅದಕ್ಕೆ ಆ ಕ್ಷಣವೇ ಇಂಗ್ಲಿಷಿನಲ್ಲಿ ಉತ್ತರಿಸಬೇಕು. ತನ್ನ ಇಂಗ್ಲಿಷಿನ ಬಗ್ಗೆಯೇ ಅಳುಕಿರುವ ಶಿಕ್ಷಕನಿಗೆ ಇದು ಕತ್ತಿಯಲಗಿನ ನಡಿಗೆ.

ಯೋಜನೆ ಮುಗಿದ ಮೇಲೆ ಪ್ರಭು 1987ರಲ್ಲಿ ಅದರ ಸಮಗ್ರ ವಿವರವನ್ನು ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಎಂಬ ಪುಸ್ತಕವಾಗಿ ಪ್ರಕಟಿಸಿದರು. ಸಿಂಗಪುರದ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ‘ಟಾಸ್ಕ್’ ಆಧಾರಿತ ಬೋಧನೆ ಜಗತ್ತಿನಲ್ಲೆಲ್ಲ ಒಂದು ಪಂಥವಾಗಿ ಬೆಳೆಯಿತು. ಅದರ ಚರಿತ್ರೆ ಬರೆಯುವವರು ಬೆಂಗಳೂರನ್ನು ಬಿಟ್ಟು ಬರೆಯಲಾರರು. ಯಾವುದೇ ಒಂದು ಪದ್ಧತಿಯೇ ಎಲ್ಲಕ್ಕಿಂತ ಶ್ರೇಷ್ಠ ಎಂಬ ಮಾತನ್ನು ಮಾತ್ರ ಪ್ರಭು ಒಪ್ಪಲಿಲ್ಲ. ಕಲಿಸುವವನಿಗೆ ತಾನು ಮಾಡುತ್ತಿರುವುದರಲ್ಲಿ ಜೀವಂತ ನಂಬಿಕೆ ಇರಬೇಕು, ಅದೇ ಮುಖ್ಯ ಎಂದು ಅವರು 1990ರ ಒಂದು ಲೇಖನದಲ್ಲಿ ವಾದಿಸಿದರು.

ಉಳಿದ ಪ್ರಶ್ನೆ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷು 2007ರಿಂದ ಒಂದನೆಯ ತರಗತಿಯಲ್ಲೇ ಒಂದು ಭಾಷೆಯಾಗಿ ಸೇರಿತು. ಅದಕ್ಕೆ ಮೊದಲು ಮತ್ತು ಆಮೇಲೆ ನಡೆದ ಚರ್ಚೆಯೆಲ್ಲ ಇಂಗ್ಲಿಷನ್ನು ಯಾವ ತರಗತಿಯಿಂದ ಕಲಿಸಬೇಕು ಎಂಬುದರ ಸುತ್ತಲೇ ತಿರುಗಿತು. ಹೇಗೆ ಕಲಿಸಬೇಕು ಎಂಬ ಪ್ರಶ್ನೆ ಹಿಂದೆ ಬಿತ್ತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಸುತ್ತ ಅರ್ಥವುಳ್ಳ ಭಾಷೆ ಸಮೃದ್ಧವಾಗಿರಬೇಕು ಎಂದು ಹೇಳಿತ್ತು. ಆದರೆ ಪರೀಕ್ಷೆ ಬಾಯಿಪಾಠವನ್ನೇ ಕೇಳುವಾಗ ಶಾಲೆ ಬಾಯಿಪಾಠವನ್ನೇ ಕಲಿಸುತ್ತದೆ. ಅದಕ್ಕೆ ಶಿಕ್ಷಕರನ್ನು ದೂರಿ ಫಲವಿಲ್ಲ.

ಬಂಗಾರಪೇಟೆಯ ಸೀಮೆಗೆ ಈ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ. 2001ರ ಫೆಬ್ರುವರಿಯಲ್ಲಿ ಚಿನ್ನದ ಗಣಿ ಮುಚ್ಚಿತು. ಅಲ್ಲಿಂದೀಚೆಗೆ ಸಾವಿರಾರು ಜನ ಮಾರಿಕುಪ್ಪಂ, ಬಂಗಾರಪೇಟೆಯಿಂದ ನಿತ್ಯವೂ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅಂಗಡಿ, ಆಸ್ಪತ್ರೆ, ಕಾರ್ಖಾನೆ, ಕಚೇರಿ, ಎಲ್ಲಿ ಹೋದರೂ ಒಂದು ಇಂಗ್ಲಿಷ್ ಫಾರಂ ಎದುರಾಗುತ್ತದೆ. ಅದನ್ನು ಓದಬಲ್ಲವನಿಗೂ ಓದಲಾರದವನಿಗೂ ಸಿಗುವ ಸಂಬಳ ಬೇರೆ, ಸಿಗುವ ಮರ್ಯಾದೆಯೂ ಬೇರೆ. ಖಾಸಗಿ ಶಾಲೆಗೆ ಹಣ ತೆರಲಾಗದ ಮನೆಯ ಮಗುವಿಗೆ ಇಂಗ್ಲಿಷ್ ಸಿಗುವ ಜಾಗ ಊರಿನ ಸರ್ಕಾರಿ ಶಾಲೆಯೊಂದೇ.

ಅಂಥ ಶಾಲೆಗೆ ಬೇಕಾದ ಸಾಮಗ್ರಿಗೆ ಖರ್ಚಿಲ್ಲ. ಗೊಬ್ಬರದ ಚೀಲದ ಮೇಲಿನ ಬರಹ, ಔಷಧಿ ಬಾಟಲಿಯ ಚೀಟಿ, ಬ್ಯಾಂಕಿನ ಚಲನ್, ವಿದ್ಯುತ್ ಬಿಲ್ಲು, ಬೀಜದ ಪೊಟ್ಟಣ ಪ್ರತಿ ಮನೆಯಲ್ಲೂ ಇವೆ. ಈ ಔಷಧಿಯನ್ನು ಮೂರು ವರ್ಷದ ತಂಗಿಗೆ ಕೊಡಬಹುದೇ? ಇದರ ಅವಧಿ ಮುಗಿದಿದೆಯೇ? ದಿನಕ್ಕೆ ಎಷ್ಟು ಸಲ? ಇವು ಪರೀಕ್ಷೆಗಾಗಿ ಹುಟ್ಟಿದ ಪ್ರಶ್ನೆಗಳಲ್ಲ. ಉತ್ತರ ತಪ್ಪಾದರೆ ಹೋಗುವುದು ಅಂಕವಷ್ಟೇ ಅಲ್ಲ ಎಂಬುದು ಮಗುವಿಗೂ ಗೊತ್ತು.

ಖರ್ಚು ಇರುವುದು ಶಿಕ್ಷಕರ ತಯಾರಿಯಲ್ಲಿ. ಆ ಖರ್ಚನ್ನು ಉಳಿಸಿ, ಪುಸ್ತಕ ಮತ್ತು ತರಗತಿಗಳ ಸಂಖ್ಯೆಯನ್ನು ಮಾತ್ರ ಹೆಚ್ಚಿಸಿದರೆ ‘ದಿಸ್ ಈಸ್ ಎ ಪೆನ್’ ಇನ್ನೂ ನಾಲ್ಕು ವರ್ಷ ಮೊದಲೇ ಬಾಯಿಪಾಠವಾದೀತು, ಅಷ್ಟೆ. ಎರಡು ಶತಮಾನದ ಹಿಂದೆ ಬಳ್ಳಾರಿ ಸೀಮೆಯ ಮೇಷ್ಟ್ರು ಊರವರ ಹಳೆಯ ಕಾಗದಗಳನ್ನು ಕೂಡಿಹಾಕಿ ಮಕ್ಕಳ ಕೈಗಿತ್ತಿದ್ದರು. ನಾಲ್ಕೂವರೆ ದಶಕದ ಹಿಂದೆ ಬೆಂಗಳೂರಿನ ಶಿಕ್ಷಕರು ಕರಿಹಲಗೆಯ ಮೇಲೆ ರೈಲಿನ ವೇಳೆ ಬರೆದರು. ಕಾಗದ ಬೇರೆ, ಭಾಷೆ ಬೇರೆ. ಓದಿದ್ದು ಬದುಕಿಗೆ ಒದಗಬೇಕು ಎಂಬ ವಿವೇಕ ಮಾತ್ರ ಒಂದೇ.